ಮೂಲ ಪತ್ರ ನೋಡಿದವರು ಯಾರು?

"ಮೂಲ ಪತ್ರ ನೋಡದೆ ನಾನು ಯಾವತ್ತೂ ಮೊಹರು ಒತ್ತಿದವಳಲ್ಲ. ಇದನ್ನ ಇನ್ನೆಷ್ಟು ಸಲ ಹೇಳಿಸ್ತೀಯ ಪುಟ್ಟ?"

ಅಕ್ಕ ಹಾಗೆಂದು ಮೇಜಿನ ಮೇಲೆ ಅಂಗೈ ಊರಿದಳು. ಇಷ್ಟು ವರ್ಷ ಆ ಮೇಜಿನ ಮೇಲೆ ರಾಜನಂತೆ ಕೂತಿದ್ದ ಅವಳ ಉಬ್ಬು ಮೊಹರಿನ ಯಂತ್ರ ಈಗ ಬಿಳಿ ಬಟ್ಟೆ ಸುತ್ತಿಸಿಕೊಂಡು, ಗಂಟಿನ ಮೇಲೆ ಪೊಲೀಸರ ಅರಗು ಹಾಕಿಸಿಕೊಂಡು ಕೂತಿತ್ತು. ಮಾತಿನ ನಡುವೆ ಅವಳ ಬಲಗೈ ತಾನಾಗಿ ಅದರ ಹಿಡಿಯತ್ತ ಹೋಗುವುದು, ಬಟ್ಟೆ ತಾಗಿದೊಡನೆ ಹಿಂದೆ ಸರಿಯುವುದು ಆಗುತ್ತಲೇ ಇತ್ತು. ಎದುರು ಕೂತ ಜಿಗಣೆ ಅದನ್ನೇ ನೋಡುತ್ತಿದ್ದ.

ಜಿಗಣೆ ಎಂದರೆ ಅವಳ ತಮ್ಮನೇ. ಪೊಲೀಸ್ ಇಲಾಖೆಯಲ್ಲಿದ್ದಾಗ ಜೊತೆಯವರು ಇಟ್ಟ ಹೆಸರು. ಇಲಾಖೆ ಬಿಟ್ಟು ಸ್ವಂತದ ಪತ್ತೇದಾರಿ ಕಚೇರಿ ತೆರೆದರೂ ಹೆಸರು ಅವನನ್ನು ಬಿಡಲಿಲ್ಲ. ಅದು ಹೊಗಳಿಕೆಯೋ ಬೈಗುಳವೋ ಎಂದು ಅವನು ಇಂದಿಗೂ ಯಾರನ್ನೂ ಕೇಳಿಲ್ಲ. ತಲೆಗೂದಲು ಅರ್ಧ ನೆರೆತರೂ ಅಕ್ಕನಿಗೆ ಮಾತ್ರ ಅವನು ಪುಟ್ಟನೇ.

ನಡೆದದ್ದು ಇಷ್ಟು. ತೂಕದ ಯಂತ್ರ ತಯಾರಿಸುವ ಕಂಪನಿಯೊಂದರ ಕಾಗದಪತ್ರಗಳ ಪ್ರತಿಗಳು, ನೋಟರಿಯಾದ ಅಕ್ಕನ ದೃಢೀಕರಣ ಹೊತ್ತು, ಪರಿಶೀಲನೆಗೆಂದು ಬ್ಯಾಂಕಿಗೆ ಹೋಗಿದ್ದವು. ಅವುಗಳಲ್ಲಿದ್ದ ಡೈರೆಕ್ಟರುಗಳ ಪಟ್ಟಿ ಸುಳ್ಳು ಎಂದು ಕಂಪನಿಯ ಯಜಮಾನಿ ದೂರು ಕೊಟ್ಟಿದ್ದಳು. ಅಸಲಿಗೆ ಇರುವವರು ಇಬ್ಬರು: ಗಂಡ ತೀರಿಹೋದ ಮೇಲೆ ಅರ್ಧ ಪಾಲಿಗೆ ಬಂದ ಯಜಮಾನಿ, ಉಳಿದರ್ಧದ ಒಡೆಯನಾದ ಅವಳ ಮೈದುನ. ಬ್ಯಾಂಕಿಗೆ ಹೋದ ಪಟ್ಟಿಯಲ್ಲಿ ಮೈದುನ ಒಬ್ಬನೇ ಇದ್ದ.

ಕಾಗದಗಳನ್ನು ಅಕ್ಕನ ಹತ್ತಿರ ತಂದವನೂ ಆ ಮೈದುನನೇ. ದೂರು ದಾಖಲಾದಂದಿನಿಂದ ಅವನು ನಾಪತ್ತೆ. ಪೊಲೀಸರ ಕೈಗೆ ಸಿಗುವವಳೆಂದರೆ ಮೊಹರು ಒತ್ತಿದವಳೊಬ್ಬಳೇ.

ಇನ್‌ಸ್ಪೆಕ್ಟರಮ್ಮ ಹಿಂದೆ ಜಿಗಣೆಯ ಕೈಕೆಳಗೆ ಕೆಲಸ ಕಲಿತವಳು. ಆ ಮುಲಾಜಿಗೆ ಇವತ್ತು ಸಂಜೆಯವರೆಗೆ ಸಮಯ ಕೊಟ್ಟಿದ್ದಳು. ನಿಮ್ಮ ಅಕ್ಕ ಹೇಗೆ ಮೋಸ ಹೋದರು ಅಂತ ತೋರಿಸಿ ಸರ್, ಇಲ್ಲದಿದ್ದರೆ ಮೋಸದಲ್ಲಿ ಸೇರಿಕೊಂಡರು ಅಂತ ನಾನು ಬರೆದುಕೊಳ್ಳಲೇಬೇಕಾಗುತ್ತೆ ಎಂದಿದ್ದಳು. ಬರೆದುಕೊಂಡರೆ ಮೊಹರು ಹೋಗುವುದು ಹಾಗಿರಲಿ, ಅಕ್ಕ ಇವತ್ತು ರಾತ್ರಿ ಮನೆಯಲ್ಲಿ ಮಲಗುವುದೇ ಇಲ್ಲ.

"ಅಕ್ಕ, ಬೆಳಿಗ್ಗೆ ನಾನು ಯಜಮಾನಿ ಹತ್ರ ಹೋಗಿದ್ದೆ," ಎಂದ ಜಿಗಣೆ. "ಮೂಲ ಪತ್ರ ನೋಡಿ ಬಂದೆ."

ಅಕ್ಕ ಕನ್ನಡಕ ಏರಿಸಿಕೊಂಡು ನೆಟ್ಟಗೆ ಕೂತಳು.

ಯಜಮಾನಿಯ ಕೋಣೆ ಅವನ ಕಣ್ಣಿಗೆ ಇನ್ನೂ ಕಟ್ಟಿದಂತಿತ್ತು. ಗೋಡೆಯುದ್ದಕ್ಕೂ ಮಾರಾಟಕ್ಕೆ ಸಿದ್ಧವಾದ ತೂಕದ ಯಂತ್ರಗಳು; ಎಲ್ಲದರ ಮುಳ್ಳೂ ಸೊನ್ನೆಯ ಮೇಲೆ ಶಿಸ್ತಾಗಿ ನಿಂತಿತ್ತು. ನಡುವೆ ಸಣ್ಣ ದನಿಯ, ಸಣ್ಣ ಮೈಕಟ್ಟಿನ ಹೆಂಗಸು. ಕರವಸ್ತ್ರ ಮಡಿಸುತ್ತ ಬಿಚ್ಚುತ್ತ ಕೂತಿದ್ದಳು. ಮೈದುನನನ್ನು ಮಗನ ಹಾಗೆ ನೋಡಿಕೊಂಡೆ ಎಂದು ಕಣ್ಣೊರೆಸಿಕೊಂಡಳು. ಕಬ್ಬಿಣದ ಬೀರುವಿನಿಂದ ಪಟ್ಟಿಯ ಮೂಲ ಪತ್ರವನ್ನು ತಾನೇ ತೆಗೆದು ತೋರಿಸಿದಳು. ಅವನ ಕೈಗೆ ಮಾತ್ರ ಕೊಡಲಿಲ್ಲ. ಹೊರಡುವಾಗ ಬಾಗಿಲವರೆಗೂ ಬಂದು, ನಿಮ್ಮ ಭಾವ ಹೇಗಿದ್ದಾರೆ, ರೇಡಿಯೋ ಬಿಟ್ಟ ಮೇಲೆ ಅವರ ಧ್ವನಿ ಕೇಳೋ ಭಾಗ್ಯವೇ ಇಲ್ಲದಂತಾಯ್ತು ಎಂದು ವಿಚಾರಿಸಿಕೊಂಡಳು. ಸಂಕಟದ ನಡುವೆಯೂ ಇಷ್ಟು ಸೌಜನ್ಯವೇ ಎಂದು ಜಿಗಣೆಗೆ ಅವಳ ಮೇಲೆ ಮರುಕ ಬಂದಿತ್ತು.

"ಮೂಲದಲ್ಲಿ ಕೆಳಗೆ ಎಡಗಡೆ ಸರ್ಕಾರದ ಉಬ್ಬು ಮೊಹರಿದೆ," ಎಂದ. "ಅದರ ಮೇಲೆ ಪೆನ್ಸಿಲ್ ಉಜ್ಜಿದ ಗುರುತಿದೆ. ಬೂದು ಬಣ್ಣದ ದುಂಡು."

"ಉಜ್ಜಿದವಳು ನಾನೇ," ಎಂದಳು ಅಕ್ಕ. ಹಿಂದೊಮ್ಮೆ, ಯಜಮಾನಿಯ ಹೆಸರು ಪಟ್ಟಿಗೆ ಸೇರಿದಾಗ, ಅವರ ಕಾಗದ ದೃಢೀಕರಿಸಿದ್ದೂ ಅವಳೇ. ಉಬ್ಬು ಮೊಹರಿಗೆ ಬಣ್ಣವಿರುವುದಿಲ್ಲ. ಬೆರಳಿಗೆ ತಿಳಿಯುತ್ತದೆಯೇ ಹೊರತು ಜೆರಾಕ್ಸ್ ಯಂತ್ರಕ್ಕೆ ತಿಳಿಯುವುದಿಲ್ಲ. ಅದಕ್ಕೇ ಅವಳು ಪೆನ್ಸಿಲನ್ನು ಮಲಗಿಸಿ, ಮಗುವಿಗೆ ಪೌಡರ್ ಹಾಕುವಷ್ಟು ಹಗುರವಾಗಿ ಉಬ್ಬಿನ ಮೇಲೆ ಸವರುತ್ತಿದ್ದಳು. ಆಗ ಪ್ರತಿಯಲ್ಲಿ ಮೊಹರು ಎದ್ದು ಕಾಣುತ್ತಿತ್ತು. ಅದು ಅವಳದೇ ಹಳೆಯ ರೂಢಿ.

ಇನ್‌ಸ್ಪೆಕ್ಟರಮ್ಮ ನೋಡಲು ಕೊಟ್ಟಿದ್ದ, ಬ್ಯಾಂಕಿಗೆ ಹೋಗಿದ್ದ ಪಟ್ಟಿಯ ಪ್ರತಿಯನ್ನು ಜಿಗಣೆ ಜೇಬಿನಿಂದ ತೆಗೆದು ಅವಳೆದುರು ಹರಡಿದ. ಕೆಳಗೆ ಬಲಕ್ಕೆ ಅವಳ ಸಹಿ, ಮೊಹರು, 'ಮೂಲದೊಂದಿಗೆ ತಾಳೆ ನೋಡಿದೆ, ಸರಿಯಿದೆ' ಎಂಬ ರಬ್ಬರ್ ಮುದ್ರೆ ಎಲ್ಲ ಇದ್ದವು. ಎಡಕ್ಕೆ ಏನೂ ಇರಲಿಲ್ಲ. ತೊಳೆದಿಟ್ಟಂತೆ ಬೆಳ್ಳಗಿತ್ತು.

ಅಕ್ಕ ಆ ಜಾಗದ ಮೇಲೆ ಬೆರಳಿಟ್ಟಳು. ಮುಖದ ನೀರಿಳಿಯಿತು.

ಮೂಲದ ಮೇಲೆ ಒಮ್ಮೆ ಪೆನ್ಸಿಲ್ ಬಿದ್ದ ಮೇಲೆ, ಅದರಿಂದ ತೆಗೆದ ಯಾವ ಪ್ರತಿಯಲ್ಲೂ ಆ ದುಂಡು ಬರಲೇಬೇಕು. ಬಂದಿಲ್ಲ ಎಂದರೆ ಈ ಪ್ರತಿ ಹುಟ್ಟಿದ್ದು ಬೇರೆ ಯಾವುದೋ ಕಾಗದದಿಂದ. ಮೂಲ ಪತ್ರ ಅವತ್ತು ಈ ಮೇಜಿಗೆ ಬಂದೇ ಇಲ್ಲ. ಅವನು ಇದನ್ನೆಲ್ಲ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಅಕ್ಕ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿದ್ದಳು.

"ಹಾಗಾದ್ರೆ ನೀನು ನೋಡಿದ್ದು ಏನನ್ನ?"

"ತಾಳೆ ನೋಡಿದ್ವಿ," ಎಂದಳು ಅವಳು. ಸ್ವರ ತಗ್ಗಿತ್ತು.

"ನೋಡಿದ್ವಿ ಅಂದ್ರೆ?"

ಅಕ್ಕ ಬಿಡಿಸಿ ಹೇಳಿದಳು. ಭಾವ ರೇಡಿಯೋದಲ್ಲಿ ವಾರ್ತೆ ಓದುವ ಕೆಲಸದಿಂದ ನಿವೃತ್ತನಾದ ಮೇಲೆ ಈ ಪದ್ಧತಿ. ಮೂಲ ಪತ್ರ ಭಾವನ ಕೈಯಲ್ಲಿ, ಪ್ರತಿ ಅವಳ ಮುಂದೆ. ಅವನು ಗಟ್ಟಿಯಾಗಿ ಓದುತ್ತಾನೆ. ಅವಳು ಪ್ರತಿಯ ಮೇಲೆ ಬೆರಳಿಟ್ಟು ಸಾಲು ಸಾಲು ಹಿಂಬಾಲಿಸುತ್ತಾಳೆ. ಅವನು ಚುಕ್ಕೆ ಗೆರೆಗಳನ್ನೂ ಬಿಡದೆ ಓದುತ್ತಾನೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓದು. ಕಣ್ಣೆತ್ತಿದರೆ ಸಾಲು ತಪ್ಪುತ್ತದೆ, ಅದಕ್ಕೆ ಅವಳು ಕಣ್ಣೆತ್ತುವುದಿಲ್ಲ. ಮುಗಿದ ಮೇಲೆ ಮೂಲ ಪತ್ರ ಫೈಲಿನೊಳಗೆ ಹೋಗುತ್ತದೆ, ಪ್ರತಿಗೆ ಮೊಹರು ಬೀಳುತ್ತದೆ.

"ಅಂದ್ರೆ ಮೂಲವನ್ನ ನೀನು ನೋಡೋದೇ ಇಲ್ಲ."

"ಇವರು ನೋಡ್ತಾರಲ್ಲ. ಇವರ ಕಣ್ಣು ಬೇರೆ, ನನ್ನ ಕಣ್ಣು ಬೇರೆನಾ?"

ಎಷ್ಟೋ ವಕೀಲರು, ಎಷ್ಟೋ ಅಧಿಕಾರಿಗಳು ಅವಳ ಕಟ್ಟುನಿಟ್ಟಿಗೆ ಹೆದರಿ ಹೊಸ್ತಿಲಲ್ಲೇ ಕಾಗದ ಸರಿಮಾಡಿಕೊಳ್ಳುತ್ತಿದ್ದರು. ಅಂಥವಳು ಇಡೀ ಜಗತ್ತನ್ನು ಅನುಮಾನಿಸಿ, ಮನೆಯೊಳಗಿನ ಒಬ್ಬನನ್ನು ಮಾತ್ರ ಪರೀಕ್ಷಿಸದೆ ಬಿಟ್ಟಿದ್ದಳು. ಗಂಡ ಹೆಂಡತಿ ಸೇರಿ ನಡೆಸುವ ಕಚೇರಿಯಲ್ಲಿ ಮಾತ್ರ ಆಗಬಹುದಾದ ತಪ್ಪು ಇದು.

ಜಿಗಣೆ ಎದ್ದುನಿಂತ. ಅವನು ಬಾಯಿ ಬಿಡುವ ಮೊದಲೇ ಅಕ್ಕನಿಗೆ ಅವನ ಯೋಚನೆ ಗೊತ್ತಾಗಿಹೋಯಿತು.

"ನನ್ನ ಗಂಡನ್ನ ಕಳ್ಳ ಅಂತೀಯಾ?"

"ಒಂದ್ಸಲ ಓದಿಸಿ ನೋಡ್ತೀನಿ, ಅಷ್ಟೇ."

"ಈ ಮನೆ ಅನ್ನ ತಿಂದು ದೊಡ್ಡವನಾದವನು ನೀನು."

ಅದು ನಿಜ. ತಾಯಿಯಿಲ್ಲದ ಹುಡುಗನನ್ನು ಮದುವೆಯಾದ ಹೊಸತರಲ್ಲೇ ಅಕ್ಕ ಜೊತೆಗೆ ಕರೆತಂದಾಗ, ಮುಖ ಸಿಂಡರಿಸದೆ ಬಾಗಿಲು ತೆರೆದವನು ಭಾವ. ಆ ಮಾತು ನೆನೆದು ಜಿಗಣೆಗೆ ಕಾಲು ಕಿತ್ತಿಡುವುದೇ ಕಷ್ಟವಾಯಿತು. ಆದರೂ ಮೇಜಿನಿಂದ ಒಂದು ಖಾಲಿ ಬಿಳಿ ಹಾಳೆ ಎಳೆದುಕೊಂಡು, ಮಡಿಸದೆ ಕೈಯಲ್ಲಿ ಹಿಡಿದು ಒಳಗೆ ನಡೆದ. ಹಿಂದಿನಿಂದ ಅಕ್ಕ, ಒಳಗಿನ ಬಲ್ಬು ಹೋಗಿದೆ, ಎಡವೀಯ, ಎಷ್ಟು ದಿನದಿಂದ ಹೋಗಿದೆಯೋ, ಇವರಂತೂ ಬಾಯಿ ಬಿಟ್ಟು ಹೇಳುವವರಲ್ಲ ಎಂದು ಗೊಣಗಿದಳು. ಎಷ್ಟೇ ಸಿಟ್ಟಿದ್ದರೂ ಅವನು ಎಡವಬಾರದು ಅವಳಿಗೆ.

ನಡುಕೋಣೆಯಲ್ಲಿ ಮಬ್ಬು ಬೆಳಕಿತ್ತು. ಕಿಟಕಿಯ ಪಕ್ಕದ ಆರಾಮ ಕುರ್ಚಿಯಲ್ಲಿ ಭಾವ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ದಿನಪತ್ರಿಕೆ, ಪಕ್ಕದಲ್ಲಿ ಮೆಲ್ಲಗೆ ಉಲಿಯುವ ರೇಡಿಯೋ.

"ಬಾರಯ್ಯ ಪತ್ತೇದಾರ," ಎಂದ ಅವನು, ತಲೆ ತಿರುಗಿಸದೆ. "ಬಲಗಾಲಿನ ಹಿಮ್ಮಡಿ ಸವೆದಿದೆ ನಿಂದು. ಹೊಸ ಬೂಟು ತಗೋ."

ಭಾವನ ಕಿವಿ ಊರಿಗೇ ಹೆಸರಾಗಿತ್ತು. ಹೆಜ್ಜೆಯ ಸದ್ದಿನಲ್ಲಿ ಆಳನ್ನು ಗುರುತಿಸುವುದು, ಫೋನಿನಲ್ಲಿ ಒಂದು ಹಲೋಗೆ ಜಾತಕ ಹೇಳುವುದು ಅವನ ಹಳೆಯ ಆಟ. ಮನೆಗೆ ಬಂದವರೆಲ್ಲ ನಕ್ಕು ಚಪ್ಪಾಳೆ ತಟ್ಟುತ್ತಿದ್ದರು. ಜಿಗಣೆಯೂ ಇವತ್ತಿನವರೆಗೆ ತಟ್ಟಿದ್ದ.

ಭಾವ ಫ್ಲಾಸ್ಕಿನಿಂದ ಟೀ ಬಗ್ಗಿಸಿದ. ತೋರುಬೆರಳನ್ನು ಲೋಟದ ಅಂಚಿನೊಳಗೆ ಇಟ್ಟುಕೊಂಡು, ಬಿಸಿ ತಾಗಿದೊಡನೆ ನಿಲ್ಲಿಸಿದ. ಲೋಟವನ್ನು ಜಿಗಣೆ ನಿಂತ ಕಡೆಗೆ ನೀಡಿದ. ಜಿಗಣೆ ಅಷ್ಟರಲ್ಲಿ ಸದ್ದಿಲ್ಲದೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದ. ಲೋಟ ಮೊದಲಿನ ಜಾಗದಲ್ಲೇ, ಗಾಳಿಯಲ್ಲಿ ನಿಂತಿತು. ಟೀ ತೆಗೆದುಕೊಳ್ಳುತ್ತ ಜಿಗಣೆ ಅದನ್ನು ಗಮನಿಸಿದ. ಮುದುಕರ ಅನ್ಯಮನಸ್ಕತೆ ಎಂದುಕೊಂಡು ಬಿಟ್ಟ. ಅವನ ತಲೆಯಲ್ಲಿ ಆಗ ಇದ್ದದ್ದು ಲಂಚದ ಅನುಮಾನ ಒಂದೇ.

ಅವನು ಸುತ್ತಿ ಬಳಸಿ ಕೇಳತೊಡಗಿದ. ಮೈದುನ ಬಂದ ದಿನ ಏನಾಯಿತು? ಏನೂ ಇಲ್ಲ, ಅತ್ತಿಗೆ ಕಟ್ಟಿಕೊಟ್ಟ ಹಾಗೇ ತಂದಿದ್ದೇನೆ ಎಂದು ಫೈಲು ಕೊಟ್ಟ, ಮುಂದಿನ ಕೋಣೆಯಲ್ಲಿ ಕೂತಿದ್ದ, ದೃಢೀಕರಣವಾದ ಮೇಲೆ ಲಕೋಟೆಗೆ ಅಂಟು ಹಾಕಿಸಿಕೊಂಡು ನೇರ ಬ್ಯಾಂಕಿಗೆ ಎಂದು ಹೊರಟ. ಮೂಲ ಪತ್ರ ಓದಿದ್ದು ನೀವೇನಾ? ನಾನಲ್ಲದೆ ಇನ್ಯಾರು ಓದುತ್ತಾರೆ. ಉತ್ತರಗಳೆಲ್ಲ ಸರಾಗವಾಗಿ, ವಾರ್ತೆಯ ಸ್ವರದಲ್ಲಿ ಬಂದವು. ಆದರೆ ತೊಡೆಯ ಮೇಲಿದ್ದ ಭಾವನ ಕೈಬೆರಳುಗಳು ಒಂದನ್ನೊಂದು ಒತ್ತುತ್ತಿದ್ದವು.

"ಯಜಮಾನಿ ಮೂಲ ಪತ್ರ ಕೊಟ್ಟು ಕಳಿಸಿದ್ದಾರೆ ಭಾವ," ಎಂದ ಜಿಗಣೆ. ಶುದ್ಧ ಸುಳ್ಳು. "ಅವತ್ತಿನ ಹಾಗೇ ಒಂದ್ಸಲ ಓದಿ. ಕೇಳಬೇಕು ನನಗೆ."

ಬಿಳಿ ಹಾಳೆಯನ್ನು ಭಾವನ ಕೈಯಲ್ಲಿಟ್ಟ.

ಅವನ ಲೆಕ್ಕಾಚಾರ ಸರಳವಾಗಿತ್ತು. ಭಾವ ಕಳ್ಳನಾದರೆ ಬೆಚ್ಚಬೇಕು. ಸಾಚಾ ಆದರೆ, ತಮಾಷೆ ಮಾಡ್ತೀಯೇನೋ ಎಂದು ಹಾಳೆಯನ್ನು ಮುಖಕ್ಕೆ ಎಸೆಯಬೇಕು. ಈ ಎರಡು ಬಿಟ್ಟು ಇನ್ನೊಂದು ಆಗಬಹುದೆಂದು ಅವನು ಎಣಿಸಿರಲಿಲ್ಲ.

ಭಾವ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಿಟಕಿಯತ್ತ ಸ್ವಲ್ಪ ಓರೆ ಮಾಡಿದ. ಗಂಟಲು ಸರಿಮಾಡಿಕೊಂಡ. ಓದತೊಡಗಿದ.

"ಕಂಪನಿಯ ನಿರ್ದೇಶಕರ ಪಟ್ಟಿ. ಶೀರ್ಷಿಕೆ ನಡುವೆ, ಕೆಳಗೆ ಅಡಿಗೆರೆ. ಮೊದಲನೇ ಸಾಲು..."

ಜಿಗಣೆಯ ಕೈಯಲ್ಲಿ ಟೀ ತಣ್ಣಗಾಗತೊಡಗಿತು. ನೋಂದಣಿ ಸಂಖ್ಯೆ, ಕಚೇರಿಯ ವಿಳಾಸ, ಅಲ್ಪವಿರಾಮ, ಆವರಣ ಚಿಹ್ನೆ, ಪೂರ್ಣವಿರಾಮ, ಒಂದೂ ಬಿಟ್ಟುಹೋಗಲಿಲ್ಲ. ಸಾಲಿನ ಕೊನೆಗೆ ಬಂದಾಗ ಭಾವನ ತಲೆ ಎಡದಿಂದ ಬಲಕ್ಕೆ ತಿರುಗಿ ಮತ್ತೆ ಎಡಕ್ಕೆ ಬರುತ್ತಿತ್ತು. ಖಾಲಿ ಹಾಳೆಯ ಮೇಲೆ ಇಲ್ಲದ ಸಾಲುಗಳನ್ನು ಆ ಗಂಭೀರ ಸುಂದರ ಧ್ವನಿ ಒಂದೊಂದಾಗಿ ಎತ್ತಿಕೊಡುತ್ತಿತ್ತು. ಜಿಗಣೆ ಇಲಾಖೆಯಲ್ಲಿ ಹೆಣಗಳನ್ನು ನೋಡಿದ್ದ, ಚಾಕು ಹಿಡಿದವರನ್ನು ನೋಡಿದ್ದ. ಅವನಿಗೆ ಇಷ್ಟು ಭಯ ಎಂದೂ ಆಗಿರಲಿಲ್ಲ.

"ನಿರ್ದೇಶಕರು, ಒಬ್ಬರು," ಎಂದು ಭಾವ ಓದಿದ. ಮೈದುನನ ಹೆಸರು ಹೇಳಿದ. ಎರಡನೆಯ ಹೆಸರು ಬರಲಿಲ್ಲ. ಉಬ್ಬು ಮೊಹರಿನ ಸುದ್ದಿಯೂ ಬರಲಿಲ್ಲ. "ಪಟ್ಟಿ ಮುಗಿಯಿತು. ಕೆಳಗೆ ಅಡ್ಡಗೆರೆ."

"ಸರಿಯಿದೆ," ಎಂದಿತು ಬಾಗಿಲ ಕಡೆಯಿಂದ ಒಂದು ಸ್ವರ.

ಅಕ್ಕ ಬಂದು ನಿಂತಿದ್ದಳು. ತಮ್ಮನ ಕೈಯಿಂದ ಗಂಡನನ್ನು ಕಾಪಾಡಲೆಂದು ಎದ್ದು ಬಂದವಳ ಕೈಯಲ್ಲೇ ಬ್ಯಾಂಕಿನ ಪ್ರತಿ ಇತ್ತು. ಭಾವ ಓದಲು ಶುರುಮಾಡಿದೊಡನೆ ಅವಳ ಬೆರಳು ತಾನಾಗಿ ಅದರ ಮೇಲೆ ಓಡಿತ್ತು. ಸಾಲು ತಪ್ಪದೆ ಕೊನೆ ಮುಟ್ಟಿತ್ತು. ಓದು ಮುಗಿದಾಗ ಹೇಳುವ ಮಾತು ಅಭ್ಯಾಸದಂತೆ ಬಾಯಿಂದ ಬಿದ್ದಿತ್ತು.

ಆಮೇಲೆ ಅವಳು ಕಣ್ಣೆತ್ತಿದಳು. ಗಂಡನ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು.

ರೇಡಿಯೋದಲ್ಲಿ ಯಾರೋ ನಗುತ್ತಿದ್ದರು. ಜಿಗಣೆ ಕೈಚಾಚಿ ಅದನ್ನು ಆರಿಸಿದ.

"ಏನಾಯ್ತು?" ಎಂದ ಭಾವ. ಮೌನದಲ್ಲಿ ಅವನಿಗೆ ಎಲ್ಲ ಕೇಳಿಸಿರಬೇಕು. ಹಾಳೆಯ ಮೇಲೆ ಅಂಗೈಯನ್ನು ನಿಧಾನವಾಗಿ ಸವರಿದ, ಎಡಮೂಲೆಗೆ ಬಂದಾಗ ಬೆರಳು ನಿಂತಿತು. ಅಲ್ಲಿ ಉಬ್ಬಿರಲಿಲ್ಲ. "ಓ," ಎಂದು ಹಾಳೆಯನ್ನು ತೊಡೆಯ ಮೇಲೆ ಇಳಿಸಿದ.

"ಯಾವಾಗಿಂದ ರೀ?" ಎಂದಳು ಅಕ್ಕ.

"ಹೋದ ವರ್ಷದಿಂದ ಜಾಸ್ತಿ ಆಯ್ತು. ನಡುವೆ ಮಂಜು ಕಟ್ಟಿಬಿಟ್ಟಿದೆ. ಅಂಚಿನಲ್ಲಿ ಇನ್ನೂ ಕಾಣುತ್ತೆ." ಭಾವ ಮುಖವನ್ನು ಗೋಡೆಯ ಕಡೆ ತಿರುಗಿಸಿದ. "ನಿನ್ನ ಮುಖ ನೋಡ್ಬೇಕು ಅಂದ್ರೆ ಹೀಗೆ, ಬೇರೆ ಕಡೆ ತಿರುಗಬೇಕು."

ಅಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ಉಳಿದದ್ದನ್ನು ಭಾವ ಯಾರೂ ಕೇಳದೆಯೇ ಹೇಳಿದ. ಇಂಥ ಪತ್ರಗಳ ಒಕ್ಕಣೆಯೆಲ್ಲ ಒಂದೇ. ಹೆಸರು, ಸಂಖ್ಯೆ, ವಿಳಾಸ ಮಾತ್ರ ಬೇರೆ. ಕಾಗದ ತರುವವರನ್ನು ಹಜಾರದಲ್ಲಿ ಕೂರಿಸಿಕೊಂಡು, ಒಮ್ಮೆ ವಿವರ ಬಾಯಲ್ಲಿ ಹೇಳಿಬಿಡಿ, ಖಾತ್ರಿ ಮಾಡಿಕೊಳ್ಳೋಣ ಎನ್ನುತ್ತಿದ್ದ. ಅವರು ಹೇಳುತ್ತಿದ್ದರು. ಒಮ್ಮೆ ಕೇಳಿದರೆ ಸಾಕು, ಅವನಿಗೆ ಅಚ್ಚು ಹಾಕಿದ ಹಾಗೆ. ವಾರ್ತಾ ಕೋಣೆಯಲ್ಲಿ ದೀಪ ಆರಿಹೋದಾಗಲೂ ತಡವರಿಸದೆ ವಾರ್ತೆ ಮುಗಿಸಿದ ಮನುಷ್ಯ. ರೇಡಿಯೋದವರು ಹೂಮಾಲೆ ಹಾಕಿ ಮನೆಗೆ ಕಳಿಸಿದ ಮೇಲೆ ಅವನ ಧ್ವನಿ ಬೇಕಾದದ್ದು ಈ ಮನೆಯ ಮೇಜಿಗೊಂದಕ್ಕೇ. ಕಣ್ಣಿಲ್ಲ ಎಂದರೆ ಅದೂ ಬೇಡವಾಗುತ್ತದೆ ಎಂದು ಹೆದರಿದ.

ಅಂದರೆ ಅವನು ಮೂಲ ಪತ್ರವನ್ನು ನೋಡುತ್ತಿರಲಿಲ್ಲ, ಅವಳು ಅವನನ್ನು ನೋಡುತ್ತಿರಲಿಲ್ಲ. ತಂದವರು ಹೇಳಿದ್ದೇ ಮೂಲವಾಗಿ, ಅವರು ತಂದ ಪ್ರತಿಗೆ ತಾಳೆಯಾಗಿ, ಮೇಲೆ ಮೊಹರು ಬೀಳುತ್ತಿತ್ತು. ನಗುವ ಹೊತ್ತಾಗಿದ್ದರೆ ಜಿಗಣೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಹಾಗಾದ್ರೆ ಈ ಪಟ್ಟಿಯ ವಿವರ ನಿಮಗೆ ಹೇಳಿದ್ದು ಮೈದುನ," ಎಂದ.

"ಅವನಲ್ಲ. ಆ ಹುಡುಗನಿಗೆ ಫೈಲಿನಲ್ಲಿ ಏನಿದೆ ಅಂತಲೇ ಗೊತ್ತಿರಲಿಲ್ಲ." ಭಾವನ ಸ್ವರದಲ್ಲಿ ಅನುಮಾನವೇ ಇರಲಿಲ್ಲ. "ಹಿಂದಿನ ದಿನ ಫೋನ್ ಬಂತು. ನಾಳೆ ಮೈದುನನ್ನ ಕಳಿಸ್ತೀನಿ, ನಿಮಗೆ ಸುಲಭ ಆಗ್ಲಿ ಅಂತ ಚುಕ್ಕೆ ಗೆರೆ ಸಮೇತ ಪಟ್ಟಿ ಓದಿಬಿಡ್ತೀನಿ, ಕೇಳಿಸ್ಕೊಳ್ಳಿ ಅಂದಳು. ಯಜಮಾನಿ."

ಜಿಗಣೆ ಲೋಟ ಕೆಳಗಿಟ್ಟ.

"ನಿಮ್ಮ ಕಣ್ಣಿನ ವಿಷಯ ಅವರಿಗೆ ಹೇಗೆ ಗೊತ್ತು?"

"ಕಣ್ಣಾಸ್ಪತ್ರೆಯಲ್ಲಿ ಸಿಕ್ಕಿದ್ದಳು. ನಾನು ಬಾಗಿಲು ಅಂತ ಗೋಡೆ ತಳ್ತಾ ನಿಂತಿದ್ದೆ. ಕೈಹಿಡಿದು ಆಚೆ ಕರ್ಕೊಂಡು ಬಂದಳು. ಯಾರಿಗೂ ಹೇಳಬೇಡಿ ಅಂತ ಬೇಡ್ಕೊಂಡೆ. ಹೇಳಲಿಲ್ಲ ಅವಳು. ಮಾತು ಉಳಿಸ್ಕೊಂಡಳು."

ಅವರ ಧ್ವನಿ ಕೇಳೋ ಭಾಗ್ಯವೇ ಇಲ್ಲದಂತಾಯ್ತು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಹಾಗೆಂದವಳು, ಪಟ್ಟಿಯನ್ನು ಫೋನಿನಲ್ಲಿ ಓದಿ ಒಪ್ಪಿಸಿದ್ದಳು. ಒಂದು ಸುಳ್ಳು ಪಟ್ಟಿ ತಾನೇ ತಯಾರಿಸಿ, ಅದನ್ನು ಏನೂ ಅರಿಯದ ಮೈದುನನ ಕೈಯಲ್ಲೇ ಕಳಿಸಿ, ಆಮೇಲೆ ಬ್ಯಾಂಕಿನವರು ವಿಚಾರಿಸಿದಾಗ ಅಯ್ಯೋ ಮೋಸ ಎಂದು ಎದೆ ಬಡಿದುಕೊಂಡಿದ್ದಳು. ಮೈದುನ ಜೈಲಿಗೆ ಹೋದರೆ ಕಂಪನಿ ಪೂರ್ತಿ ಅವಳ ಕೈಗೆ. ಅವನು ಈಗ ತಲೆಮರೆಸಿಕೊಂಡಿದ್ದಾನೋ, ಅವನನ್ನು ಯಾರಾದರೂ ಮರೆಮಾಡಿದ್ದಾರೋ, ಅದು ಬೇರೆಯೇ ಭಯ. ಈ ಆಟದಲ್ಲಿ ಅಕ್ಕ ನಡುವೆ ಸಿಕ್ಕ ಹುಲ್ಲುಕಡ್ಡಿ.

ಅಕ್ಕ ಬಚಾವಾದಳು ಎಂದು ಜಿಗಣೆಯ ಮನಸ್ಸು ಹಗುರವಾಯಿತು. ಭಾವ ಇದನ್ನೇ ಇನ್‌ಸ್ಪೆಕ್ಟರಮ್ಮನ ಎದುರು ಹೇಳಿದರೆ ಸಾಕು. ಮೋಸ ಹೇಗೆ ಆಯಿತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಬಿಳಿ ಹಾಳೆಯನ್ನು ಭಾವನ ತೊಡೆಯಿಂದ ಎತ್ತಿಕೊಂಡ.

"ನಾನು ಹೇಳ್ತೀನಿ," ಎಂದ ಭಾವ ತಾನಾಗಿಯೇ. "ಜನರ ಮುಂದೆ ಓದಿ ತೋರಿಸು ಅಂದ್ರೂ ತೋರಿಸ್ತೀನಿ."

ಅಕ್ಕ ಯಾವುದನ್ನು ಕಲ್ಪಿಸಿಕೊಳ್ಳುತ್ತಿದ್ದಾಳೆಂದು ಜಿಗಣೆಗೆ ತಡವಾಗಿ ಹೊಳೆಯಿತು. ಠಾಣೆಯ ಬೆಂಚು, ಸುತ್ತ ನೆರೆದ ಜನ, ನಡುವೆ ಆ ಧ್ವನಿ ಖಾಲಿ ಹಾಳೆ ಓದುವುದು, ಯಾರೋ ಕಿಸಕ್ಕೆನ್ನುವುದು. ಕಳೆದ ವರ್ಷದಿಂದ ಆ ಧ್ವನಿ ನಂಬಿ ಅವಳು ಮೊಹರು ಒತ್ತಿದ ಪ್ರತಿಗಳೆಲ್ಲ ಅನುಮಾನಕ್ಕೆ ಬೀಳುತ್ತವೆ. ಕುರುಡನನ್ನು ಕೂರಿಸಿಕೊಂಡು ಓದಿಸಿದಳು ಎಂದು ಊರು ಆಡಿಕೊಳ್ಳುತ್ತದೆ. ಅದನ್ನಾದರೂ ಅವಳು ತಡೆದುಕೊಂಡಾಳು. ಗಂಡ ನಗೆಪಾಟಲಾಗುವುದನ್ನು ಅಲ್ಲ.

ಹೊರಗೆ ಜೀಪು ನಿಂತ ಸದ್ದಾಯಿತು.

"ಇಬ್ಬರು," ಎಂದ ಭಾವ ಕಿವಿಗೊಟ್ಟು. "ಒಂದು ಪೊಲೀಸ್ ಬೂಟು. ಇನ್ನೊಂದು ಅವಳು."

ಅಕ್ಕ ಸೆರಗು ಸರಿಮಾಡಿಕೊಂಡಳು. "ನೀವು ಇಲ್ಲೇ ಕೂತಿರಿ. ಬಾಯಿ ಬಿಡಬೇಡಿ," ಎಂದು ಗಂಡನಿಗೆ ಹೇಳಿ, ತಮ್ಮನ ಕಡೆ ನೋಡದೆ ಹೊರಟಳು. ಜಿಗಣೆ ಹಿಂದೆಯೇ ಓಡಿದ. ಅಕ್ಕ, ತಡಿ ಅಂದ. ಅವಳು ತಡೆಯಲಿಲ್ಲ.

ಮುಂದಿನ ಕೋಣೆಯಲ್ಲಿ ಇನ್‌ಸ್ಪೆಕ್ಟರಮ್ಮ ಆಗಲೇ ಮೇಜಿನ ಮುಂದೆ ನಿಂತಿದ್ದಳು. ಒಂದು ಹೆಜ್ಜೆ ಹಿಂದೆ ಯಜಮಾನಿ. ಎದೆಗವಚಿ ಹಿಡಿದ ಲಕೋಟೆ, ಕೈಯಲ್ಲಿ ಅದೇ ಕರವಸ್ತ್ರ. ಮೂಲ ಪತ್ರ ತೋರಿಸಿ ಗುರುತು ಹಿಡಿಸಲು ಕರೆತಂದಿದ್ದೇನೆ ಎಂದು ಇನ್‌ಸ್ಪೆಕ್ಟರಮ್ಮ ಸಂಕೋಚದಿಂದಲೇ ವಿವರಿಸಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಮೇಡಂ, ಅವತ್ತು ಮೂಲ ಪತ್ರ ನೋಡಿದ್ದು ಯಾರು?"

"ನಾನು," ಎಂದಳು ಅಕ್ಕ. "ನಾನೇ ಕೈಯಲ್ಲಿ ಹಿಡಿದು, ಕಣ್ಣಾರೆ ನೋಡಿದೆ. ಬೇರೆ ಯಾರೂ ಮುಟ್ಟಿಲ್ಲ, ಓದಿಲ್ಲ. ತಪ್ಪಾಗಿದ್ರೆ ಅದು ನನ್ನೊಬ್ಬಳದ್ದು."

ಸುಳ್ಳು ಪತ್ರಕ್ಕೆ ಒಮ್ಮೆಯೂ ತಿಳಿದು ಸಹಿ ಹಾಕದವಳು, ಈಗ ತಿಳಿದೂ ತಿಳಿದೂ ಸುಳ್ಳನ್ನು ದೃಢೀಕರಿಸುತ್ತಿದ್ದಳು. ಸ್ವರ ಒಂದಿಷ್ಟೂ ನಡುಗಲಿಲ್ಲ. ಜಿಗಣೆಗೆ ಅಳು ಬಂತು, ಸಿಟ್ಟೂ ಬಂತು. ಈ ಹೇಳಿಕೆ ಬರೆದುಕೊಂಡರೆ ಯಜಮಾನಿಯ ಫೋನು, ಓದಿ ಒಪ್ಪಿಸಿದ ಪಟ್ಟಿ, ಎಲ್ಲ ನೀರುಪಾಲು.

ಯಜಮಾನಿ ಕರವಸ್ತ್ರವನ್ನು ನಿಧಾನವಾಗಿ ಮಡಿಸಿದಳು. "ಪಾಪ, ಎಂಥವರಿಗೆ ಎಂಥ ಗತಿ ಬಂತು," ಎಂದಳು ಸಣ್ಣ ದನಿಯಲ್ಲಿ.

ಇನ್‌ಸ್ಪೆಕ್ಟರಮ್ಮ ಪೆನ್ನು ತೆಗೆದಳು. ಬರೆಯಲಿಲ್ಲ. ಅವಳ ನೋಟ ಜಿಗಣೆಯ ಕೈಯ ಮೇಲಿತ್ತು.

"ನಿಮ್ಮ ಕೈಲಿರೋದು ಏನು ಸರ್?"

"ಅದು ಬರೀ ಹಾಳೆ," ಎಂದಳು ಅಕ್ಕ ಅವನಿಗಿಂತ ಮೊದಲು. ಕೈ ಮುಂದೆ ಮಾಡಿ ಅದರ ತುದಿ ಹಿಡಿದಳು. "ಏನೂ ಬರೆದಿಲ್ಲ ಅದರಲ್ಲಿ. ಕೊಡು ಪುಟ್ಟ."

ಒಳಗಿನಿಂದ ಹೆಜ್ಜೆ ಕೇಳಿಸಿತು. ಭಾವ ಬಾಗಿಲಲ್ಲಿ ನಿಂತಿದ್ದ. ಗೋಡೆ ಹಿಡಿದಿದ್ದ ಕೈಯನ್ನು ಎಲ್ಲರೆದುರು ಬಿಟ್ಟು, ಬರಿಗೈ ಚಾಚಿಕೊಂಡು, ಯಜಮಾನಿ ಮಾತಾಡಿದ ಕಡೆಗೆ ಮುಖಮಾಡಿ ಮುಂದೆ ಬಂದ. ಅವನ ಬೆರಳುಗಳು ಗಾಳಿಯಲ್ಲಿ ತಡಕಾಡಿ ಹಾಳೆಯ ಇನ್ನೊಂದು ತುದಿಯನ್ನು ಹುಡುಕಿ ಹಿಡಿದವು.

"ಬರೆದಿದೆ," ಎಂದ, ವಾರ್ತೆಯ ತುಂಬು ಕಂಠದಲ್ಲಿ. "ಯಾರು ಬರೆಸಿದ್ದು ಅಂತಲೂ ಗೊತ್ತು. ನಾನು ಓದ್ತೀನಿ."

ಯಜಮಾನಿಯ ಕೈಯಲ್ಲಿ ಕರವಸ್ತ್ರ ಅರ್ಧ ಮಡಿಕೆಯಲ್ಲೇ ನಿಂತುಹೋಯಿತು.

ಹಾಳೆಯ ಒಂದು ತುದಿಯನ್ನು ಅಕ್ಕ ಬಿಡಲಿಲ್ಲ. ಇನ್ನೊಂದು ತುದಿಯನ್ನು ಭಾವ ಬಿಡಲಿಲ್ಲ. ನಡುವೆ ಹಿಡಿದು ನಿಂತಿದ್ದವನು ಜಿಗಣೆ. ಇಬ್ಬರೂ ಅವನ ಕಡೆಗೇ ಮುಖ ಮಾಡಿದ್ದರು.